ಅಲ್ಪಾಯುವಾದ ಒಂದು ಉಗಿಹಡಗು ಸಂಸ್ಥೆ

ನೂರು ವರ್ಷ ಬಾಳಿದ ಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ, ಕೆಲವೇ ವರ್ಷ ನಡೆದು ಮುಳುಗಿಹೋದ ಸಂಸ್ಥೆಯೊಂದರ ಕಥೆಯನ್ನು ಹೇಳಹೊರಡುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಬಾಳಿದವರಿಂದ ಕಲಿಯುವಷ್ಟನ್ನೇ ಬಾಳದೆ ಹೋದವರಿಂದಲೂ ಕಲಿಯಬಹುದೆಂಬುದು ನಮ್ಮ ನಂಬಿಕೆ.

ಮೈಸೂರಿನವರಾದ ನಮಗೆ ನದಿ ಎಂದೊಡನೆ ನೆನಪಾಗುವುದು ಹರಿಗೋಲು. ಶ್ರೀರಂಗಪಟ್ಟಣದಲ್ಲಾಗಲಿ ತಲಕಾಡಿನಲ್ಲಾಗಲಿ ಕಾವೇರಿಯನ್ನು ದಾಟಲು, ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ದೋಣಿಯೇ ನಮ್ಮ ಹಿರಿಯರಿಗೆ ಆಸರೆಯಾಗಿತ್ತು. ಪಾತ್ರದ ತುಂಬ ಬಂಡೆಗಳು, ಶಿವನಸಮುದ್ರದಲ್ಲಿ ಧುಮುಕು, ಬೇಸಿಗೆಯಲ್ಲಿ ಬತ್ತುವ ನೀರು. ಇಂತಹ ನದಿಯ ಮೇಲೆ ದೊಡ್ಡ ಹಡಗು ಸಾಗುವಂತಿರಲಿಲ್ಲ. ಆದುದರಿಂದ ಉಗಿಯ ಶಕ್ತಿ ನಮ್ಮೂರಿಗೆ ನೀರಿನ ಮೇಲೆ ಬರಲಿಲ್ಲ. 1882ರಲ್ಲಿ ಬೆಂಗಳೂರಿನ ಕಡೆಯಿಂದ ಹಳಿಗಳ ಮೇಲೆ ಬಂದಿತು.

ಬಂಗಾಳದ ಸ್ಥಿತಿ ಇದಕ್ಕೆ ತೀರ ವ್ಯತಿರಿಕ್ತ. ಅಲ್ಲಿ ನದಿಗಳೇ ಹೆದ್ದಾರಿಗಳು. 1834ರಲ್ಲಿಯೇ ಕಲ್ಕತ್ತೆಯಿಂದ ಅಲಹಾಬಾದಿನ ಕಡೆಗೆ ಗಂಗೆಯ ಮೇಲೆ ಸರಕಾರದ ಉಗಿಹಡಗುಗಳು ಸಂಚರಿಸತೊಡಗಿದ್ದವು. ಮುಂದೆ ಈ ವ್ಯಾಪಾರವು ಬಹುಮಟ್ಟಿಗೆ ಇಂಗ್ಲಿಷ್ ಕಂಪನಿಗಳ ಕೈಸೇರಿತು. 1884ರ ವೇಳೆಗೆ ಕಲ್ಕತ್ತೆಯಿಂದ ರೈಲು ಖುಲ್ನಾವನ್ನು ಮುಟ್ಟಿತು. ಅಲ್ಲಿಂದ ಮುಂದೆ ಬಾರಿಸಾಲಕ್ಕೆ ಹೋಗುವವರು ನದಿಯನ್ನೇ ಹಿಡಿಯಬೇಕಾಗಿತ್ತು. ಈ ಎರಡು ಊರುಗಳೂ ಇಂದು ಬಾಂಗ್ಲಾದೇಶದಲ್ಲಿವೆ.

ಈ ಅವಕಾಶವನ್ನು ಕಂಡವರು ಕವಿ ರವೀಂದ್ರನಾಥ ಠಾಕೂರರ ಅಣ್ಣಂದಿರಾದ ಜ್ಯೋತಿರೀಂದ್ರನಾಥರು. ನಾಟಕ, ಸಂಗೀತ, ಚಿತ್ರಕಲೆಗಳಲ್ಲಿ ಪ್ರವೀಣರಾಗಿದ್ದ ಅವರಿಗೆ ಸ್ವದೇಶದ ಉದ್ಯಮಗಳನ್ನು ಬೆಳೆಸಬೇಕೆಂಬ ಹಂಬಲವೂ ಅಷ್ಟೇ ಬಲವಾಗಿತ್ತು. ಅವರು ಹರಾಜಿನಲ್ಲಿ ಏಳು ಸಾವಿರ ರೂಪಾಯಿಗೆ ಒಂದು ಹಡಗಿನ ಬರಿಯ ಒಡಲನ್ನು ಕೊಂಡರು. ಅದಕ್ಕೆ ಯಂತ್ರವನ್ನೂ ಕೋಣೆಗಳನ್ನೂ ಜೋಡಿಸುವಷ್ಟರಲ್ಲಿ ಸಾಲವೂ ಬೆಳೆಯಿತು. ಹಡಗಿಗೆ ತಮ್ಮ ನಾಟಕವೊಂದರ ಹೆಸರಾದ ‘ಸರೋಜಿನಿ’ ಎಂದೇ ಹೆಸರಿಟ್ಟರು. 1884ರ ಮೇ ತಿಂಗಳಲ್ಲಿ ಅದು ಕಲ್ಕತ್ತೆಯಿಂದ ಹೊರಟಾಗ ಇಪ್ಪತ್ತಮೂರರ ತರುಣ ರವೀಂದ್ರನಾಥರೂ ಅದರಲ್ಲಿದ್ದರು. ಬಳಿಕ ‘ಬಂಗಲಕ್ಷ್ಮಿ’, ‘ಸ್ವದೇಶಿ’, ‘ಭಾರತ’, ‘ಲಾರ್ಡ್ ರಿಪನ್’ ಎಂಬ ಹಡಗುಗಳೂ ಸೇರಿದವು.

ಅದೇ ಮಾರ್ಗದಲ್ಲಿ ಫ್ಲೋಟಿಲ್ಲಾ ಎಂಬ ಇಂಗ್ಲಿಷ್ ಕಂಪನಿಯ ಹಡಗುಗಳೂ ಓಡುತ್ತಿದ್ದವು. ಇಬ್ಬರಿಗೂ ಪೈಪೋಟಿ ಹತ್ತಿತು. ದರಗಳು ಇಳಿಯುತ್ತ ಹೋದವು. ಬಾರಿಸಾಲದ ತರುಣರು ಬಾವುಟ ಹಿಡಿದು, ಹಾಡುತ್ತ, ಪ್ರಯಾಣಿಕರನ್ನು ಮೆರವಣಿಗೆಯಲ್ಲಿ ಸ್ವದೇಶದ ಹಡಗಿಗೇ ಕರೆತಂದರು. ಹಡಗುಗಳು ತುಂಬಿ ತುಳುಕಿದವು. ಕಡೆಕಡೆಗೆ ಪ್ರಯಾಣಿಕರು ದುಡ್ಡು ಕೊಡದೆ ಹೋಗಿಬಂದರು. ಮೇಲೆ ಉಪಾಹಾರವನ್ನೂ ಪಡೆದರು. ರವೀಂದ್ರನಾಥರು ತಮ್ಮ ‘ಜೀವನಸ್ಮೃತಿ’ಯಲ್ಲಿ ಇದನ್ನೆಲ್ಲ ನಗುವಿನೊಡನೆ, ಆದರೆ ಅಣ್ಣನ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ನೆನೆದಿದ್ದಾರೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಉಗಿಹಡಗಿನ ವೆಚ್ಚವು ಜನರ ಉತ್ಸಾಹವನ್ನು ನೋಡಿ ಇಳಿಯುವಂಥದಲ್ಲ. ಜನ ದುಡ್ಡು ಕೊಡಲಿ, ಬಿಡಲಿ, ಕಲ್ಲಿದ್ದಲು ಉರಿಯಲೇಬೇಕು. ನಾವಿಕರ ಸಂಬಳ ಸಲ್ಲಲೇಬೇಕು. ಯಂತ್ರದ ದುರಸ್ತಿ ಆಗಲೇಬೇಕು. ದೊಡ್ಡ ಕಂಪನಿಗೆ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭದಿಂದ ತುಂಬಿಕೊಂಡು ಕಾಯುವ ಶಕ್ತಿಯಿರುತ್ತದೆ. ಜ್ಯೋತಿರೀಂದ್ರನಾಥರ ಬೆನ್ನಿಗಿದ್ದುದು ಒಂದು ಮನೆಯ ಹಣ ಮಾತ್ರ. ಅಂತೂ ಒಂದು ದಿನ ‘ಸ್ವದೇಶಿ’ ಹಡಗು ಹೌರಾ ಸೇತುವೆಗೆ ಬಡಿದು ಮುಳುಗಿತು. ಆ ಪೆಟ್ಟನ್ನು ತಡೆಯಲಾರದೆ ಉದ್ಯಮವೇ ನಿಂತುಹೋಯಿತು. ಮುಂದೆ ಅವರು ರಾಂಚಿಯಲ್ಲಿ ನೆಲಸಿ, 1925ರಲ್ಲಿ ತೀರಿಕೊಂಡರು.

ಸುಮಾರು ಎರಡು ದಶಕಗಳ ತರುವಾಯ ತೂತುಕುಡಿಯಲ್ಲಿ ವಿ. ಒ. ಚಿದಂಬರಂ ಪಿಳ್ಳೆಯವರು ಇದೇ ಸಾಹಸವನ್ನು, ನದಿಯ ಬದಲು ಕಡಲಿನ ಮೇಲೆ, ಬೇರೊಂದು ಬಗೆಯಲ್ಲಿ ಕೈಗೊಂಡರು. 1906ರಲ್ಲಿ ನೋಂದಣಿಯಾದ ಅವರ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಬಂಡವಾಳ ಹತ್ತು ಲಕ್ಷ ರೂಪಾಯಿ. ಇದನ್ನು ಇಪ್ಪತ್ತೈದು ರೂಪಾಯಿಯ 40,000 ಷೇರುಗಳಾಗಿ ಹಂಚಲಾಗಿತ್ತು. ಭಾರವನ್ನು ಒಬ್ಬರ ಹೆಗಲಿನಿಂದ ಇಳಿಸಿ ಅನೇಕರ ಹೆಗಲಿಗೆ ಹಂಚುವ ಉಪಾಯವಿದು. ಅಲ್ಲಿಯೂ ವಿದೇಶಿ ಕಂಪನಿ ದರವನ್ನು ಇಳಿಸಿತು. 1908ರಲ್ಲಿ ಪಿಳ್ಳೆಯವರು ಸೆರೆಮನೆ ಸೇರಿದರು. 1911ರಲ್ಲಿ ಕಂಪನಿ ಮುಚ್ಚಿತು.

ಎರಡೂ ಸಂಸ್ಥೆಗಳು ಅಲ್ಪಾಯುಗಳೇ. ಆದರೆ ಸೋಲಿನ ಕಾರಣಗಳು ಒಂದೇ ಅಲ್ಲ. ತೂತುಕುಡಿಯಲ್ಲಿ ವಿದೇಶಿ ಕಂಪನಿಯ ಪೈಪೋಟಿಯ ಜೊತೆಗೆ ಸರಕಾರದ ಕೈಯೂ ಅಡ್ಡ ಬಂದಿತು. ಬಾರಿಸಾಲದಲ್ಲಾದರೋ ಎದುರಾಳಿಯ ಬಲದ ಜೊತೆಗೆ ಮಿತ್ರರ ಪ್ರೀತಿಯೂ ಹೊರೆಯಾಯಿತು. ಬಾವುಟ ಹಿಡಿಯಲು ನೂರಾರು ಕೈಗಳಿದ್ದವು; ಟಿಕೆಟಿನ ಕಾಸು ಕೊಡಲು ಅಷ್ಟು ಕೈಗಳು ಮುಂದೆ ಬರಲಿಲ್ಲ. ‘ನಮ್ಮದು’ ಎಂದು ಅಭಿಮಾನಪಟ್ಟವರು, ನಮ್ಮದೆಂಬ ಕಾರಣದಿಂದಲೇ ಪುಕ್ಕಟೆ ಏರಿದರು.

ಯಾವ ಸಂಸ್ಥೆಯಾದರೂ ನೂರು ವರ್ಷ ನಿಂತಿದೆಯೆಂದರೆ, ಹೆಸರು ಬಯಸದೆ ತಮ್ಮ ಪಾಲಿನ ಕಾಸನ್ನು ತಪ್ಪದೆ ಸಲ್ಲಿಸಿದ ಅನೇಕರು ಅದರ ಹಿಂದೆ ಇದ್ದಿರಲೇಬೇಕು. ಅವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಈ ಸಂದರ್ಭದಲ್ಲಿ ನಾವು ಅವರನ್ನೂ ಕೃತಜ್ಞತೆಯಿಂದ ಸ್ಮರಿಸೋಣ.