ಹದಿನೈದು ಡಾಲರಿನ ಲೇಖನ

2011ರ ಜನವರಿಯ ಕೊನೆಯ ವಾರ ಡಿಮ್ಯಾಂಡ್ ಮೀಡಿಯಾ ಎಂಬ ಅಮೆರಿಕದ ಕಂಪನಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಮೊದಲ ದಿನದ ವಹಿವಾಟಿನಲ್ಲೇ ಅದರ ಮೌಲ್ಯ 150 ಕೋಟಿ ಡಾಲರ್ ದಾಟಿ, 1851ರಿಂದ ಪತ್ರಿಕೆ ನಡೆಸಿಕೊಂಡು ಬಂದಿದ್ದ ನ್ಯೂಯಾರ್ಕ್ ಟೈಮ್ಸ್ ಕಂಪನಿಯನ್ನೇ ಹಿಂದೆ ಹಾಕಿತು. ತಿಂಗಳು ತುಂಬುವ ಮೊದಲೇ, ಫೆಬ್ರುವರಿ 24ರಂದು, ಗೂಗಲ್ ತನ್ನ ಅಲ್ಗಾರಿದಮ್ ಬದಲಿಸಿತು. ಕೀಳು ಗುಣಮಟ್ಟದ ತಾಣಗಳನ್ನು ಕೆಳಕ್ಕೆ ತಳ್ಳುವುದೇ ಅದರ ಉದ್ದೇಶ. ಅಮೆರಿಕದ ಹುಡುಕಾಟಗಳಲ್ಲಿ ಶೇ 11.8ರಷ್ಟರ ಫಲಿತಾಂಶ ಇದರಿಂದ ಕಣ್ಣಿಗೆ ಕಾಣುವಷ್ಟು ಬದಲಾಯಿತು. ಇದಕ್ಕೆ ದುಡಿದ ಎಂಜಿನಿಯರ್ ಒಬ್ಬರ ಹೆಸರಿನಿಂದ ಆ ಬದಲಾವಣೆ ‘ಪಾಂಡಾ’ ಎನಿಸಿಕೊಂಡಿತು. ಕಾವಲುಗಾರ ಎಚ್ಚೆತ್ತು ಕಸ ಗುಡಿಸಿದ ಕಥೆಯಾಗಿ ಇದನ್ನು ಹೇಳುವುದು ವಾಡಿಕೆ. ಕಸ ಗುಡಿಸಿದ್ದು ನಿಜ. ಆದರೆ ಗುಡಿಸಿದ ಜಾಗದಲ್ಲಿ ಒಳ್ಳೆಯ ಬರಹ ತಾನಾಗಿ ಬೆಳೆಯಲಿಲ್ಲ. ಬರಹದ ಗುಣಮಟ್ಟವನ್ನು ನಿರ್ಧರಿಸುವುದು ಅದಕ್ಕೆ ಹಣ ಯಾರು, ಯಾವ ಲೆಕ್ಕದಲ್ಲಿ ಕೊಡುತ್ತಾರೆ ಎಂಬ ಸಂಗತಿ. ಅಲ್ಗಾರಿದಮ್‌ನ ತಿದ್ದುಪಡಿ ಆ ಲೆಕ್ಕವನ್ನು ಮುಟ್ಟುವುದಿಲ್ಲ.

ಡಿಮ್ಯಾಂಡ್ ಮೀಡಿಯಾ ಲೇಖನಗಳನ್ನು ತಯಾರಿಸುತ್ತಿದ್ದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2006ರಲ್ಲಿ ರಿಚರ್ಡ್ ರೋಸೆನ್‌ಬ್ಲಾಟ್ ಮತ್ತು ಶಾನ್ ಕೊಲೊ ಕಟ್ಟಿದ ಈ ಕಂಪನಿಯ ಮುಖ್ಯ ತಾಣ ‘ಈಹೌ’: ಏನನ್ನಾದರೂ ಹೇಗೆ ಮಾಡುವುದು ಎಂದು ತಿಳಿಸುವ ಪುಟಗಳ ರಾಶಿ. ಅಲ್ಲಿ ವಿಷಯವನ್ನು ಆರಿಸುತ್ತಿದ್ದವನು ಸಂಪಾದಕನಲ್ಲ. ಜನ ಏನು ಹುಡುಕುತ್ತಾರೆ, ಆ ಪದಗಳ ಪಕ್ಕದ ಜಾಹೀರಾತಿಗೆ ಎಷ್ಟು ಹಣ ಬರುತ್ತದೆ, ಅದೇ ವಿಷಯದ ಮೇಲೆ ಈಗಾಗಲೇ ಎಷ್ಟು ಪುಟಗಳಿವೆ ಎಂಬ ಮೂರನ್ನು ತೂಗಿ ಕಂಪ್ಯೂಟರ್ ವಿಷಯ ಸೂಚಿಸುತ್ತಿತ್ತು. ಅದನ್ನು ಶೀರ್ಷಿಕೆಯಾಗಿ ತಿದ್ದಿ ಪಟ್ಟಿಗೆ ಹಾಕಿದರೆ, ಹವ್ಯಾಸಿ ಬರಹಗಾರರು ಎತ್ತಿಕೊಂಡು ಬರೆಯುತ್ತಿದ್ದರು. ಲೇಖನವೊಂದಕ್ಕೆ ಸಂಭಾವನೆ ಸಾಮಾನ್ಯವಾಗಿ 15 ಡಾಲರ್. 2009ರಲ್ಲಿ ‘ವೈರ್ಡ್’ ಪತ್ರಿಕೆ ಈ ಕಂಪನಿಯ ಬಗ್ಗೆ ಬರೆದಾಗ ದಿನವೊಂದಕ್ಕೆ 4,000 ಲೇಖನ ಮತ್ತು ವಿಡಿಯೊಗಳು ಹೊರಬರುತ್ತಿದ್ದವು. ಬರೆದವರಲ್ಲಿ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಪತ್ರಿಕೆಗಳ ಕೆಲಸ ಕಳೆದುಕೊಂಡವರೂ ಇದ್ದರು. ಅವರಿಗೆ ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಆದರೆ 15 ಡಾಲರಿಗೆ ಒಬ್ಬ ಪ್ಲಂಬರನಿಗೋ ವೈದ್ಯನಿಗೋ ಫೋನ್ ಮಾಡಿ ಕೇಳುವಷ್ಟು ಹೊತ್ತು ಸಿಗುವುದಿಲ್ಲ. ಬೇರೆ ನಾಲ್ಕು ಪುಟ ತಿರುವಿ, ಒಂದು ಗಂಟೆಯೊಳಗೆ ಮುಗಿಸಿದರಷ್ಟೇ ಅಂದಿನ ಕೂಲಿ ಗಿಟ್ಟುತ್ತದೆ. ಲೇಖನದ ಮೊದಲ ವಾಕ್ಯ ಹುಟ್ಟುವ ಮೊದಲೇ ಅದರ ಗುಣಮಟ್ಟ ತೀರ್ಮಾನವಾಗಿರುತ್ತಿತ್ತು.

ಈ ಕಸುಬು ಬೆಳೆದದ್ದಕ್ಕೆ ಹಿನ್ನೆಲೆಯಿದೆ. 1990ರ ದಶಕದ ಆಲ್ಟಾವಿಸ್ಟಾದಂಥ ಸರ್ಚ್ ಎಂಜಿನ್‌ಗಳು ಪುಟದಲ್ಲಿರುವ ಪದಗಳನ್ನೇ ಮುಖ್ಯವಾಗಿ ನಂಬಿದ್ದವು. ಹಾಗಾಗಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ತುರುಕುವವರು ಹುಟ್ಟಿಕೊಂಡರು. 1998ರಲ್ಲಿ ಗೂಗಲ್‌ನ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಒಂದು ಪುಟಕ್ಕೆ ಬರುವ ಲಿಂಕ್‌ಗಳನ್ನು ಅಳತೆಯಾಗಿ ತೆಗೆದುಕೊಂಡರು. ಬೇಗನೆ ಲಿಂಕ್‌ಗಳನ್ನು ಕೊಳ್ಳುವ ಮಾರುವ ವ್ಯಾಪಾರ ಶುರುವಾಯಿತು. ಇವೆಲ್ಲ ಸಣ್ಣ ಮೋಸಗಳು. ನಿಜವಾದ ತಿರುವು ಬಂದದ್ದು 2003ರಲ್ಲಿ. ಆ ವರ್ಷದ ನವೆಂಬರಿನಲ್ಲಿ ‘ಫ್ಲೋರಿಡಾ’ ಎಂದು ಹೆಸರಾದ ಗೂಗಲ್‌ನ ಬದಲಾವಣೆ ಪದ ತುರುಕುವ ತಾಣಗಳನ್ನು ಕೆಳಗಿಳಿಸಿತು, ಕ್ರಿಸ್‌ಮಸ್ ವ್ಯಾಪಾರದ ಹೊಸ್ತಿಲಲ್ಲಿದ್ದ ಎಷ್ಟೋ ಪ್ರಾಮಾಣಿಕ ಸಣ್ಣ ಅಂಗಡಿಗಳನ್ನೂ ಜತೆಗೇ ಮುಳುಗಿಸಿತು. ಅದೇ ವರ್ಷ ಗೂಗಲ್ ಆಡ್‌ಸೆನ್ಸ್ ಆರಂಭಿಸಿತ್ತು. ಯಾವುದೇ ತಾಣ ತನ್ನ ಪುಟದಲ್ಲಿ ಗೂಗಲ್‌ನ ಜಾಹೀರಾತು ಹಾಕಿಕೊಂಡು ಪಾಲು ಪಡೆಯಬಹುದಾಯಿತು. ಅಲ್ಲಿಯವರೆಗೆ ಏನನ್ನೂ ಮಾರದ ಪುಟದಿಂದ ಹಣ ಮಾಡುವುದು ಕಷ್ಟವಿತ್ತು. ಈಗ ಓದುಗ ಬಂದು ಕ್ಲಿಕ್ ಮಾಡಿ ಹೋದರೆ ಸಾಕು. ತೀರ್ಪು ಕೊಡುವ ಕೈ ಮತ್ತು ದುಡ್ಡು ಕೊಡುವ ಕೈ ಒಂದೇ ಕಂಪನಿಯದಾಯಿತು. ಜಾಹೀರಾತನ್ನು ನಂಬಿದ ಸರ್ಚ್ ಎಂಜಿನ್ ಓದುಗರಿಗಿಂತ ಜಾಹೀರಾತುದಾರರ ಕಡೆ ವಾಲುತ್ತದೆ ಎಂಬ ಎಚ್ಚರಿಕೆ ಪೇಜ್ ಮತ್ತು ಬ್ರಿನ್ ಅವರ 1998ರ ಪ್ರಬಂಧದಲ್ಲೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಪಾಂಡಾ ತಂದವರು ಸಮಸ್ಯೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಹುಡುಕಾಟ ವಿಭಾಗದ ಮುಖ್ಯಸ್ಥರಾಗಿದ್ದ ಅಮಿತ್ ಸಿಂಘಲ್ ಹೇಳಿದಂತೆ, ಹೊಸ ಪುಟಗಳನ್ನು ಬೇಗ ಸೇರಿಸಿಕೊಳ್ಳುವ ‘ಕೆಫೀನ್’ ವ್ಯವಸ್ಥೆ ಬಂದ ಮೇಲೆ ಗೂಗಲ್‌ನ ಪುಟಗಳ ಸೂಚಿ ಭರದಿಂದ ಬೆಳೆಯಿತು. ಹಿಂದಿನ ಅರ್ಥವಿಲ್ಲದ ಪದಗಳ ರಾಶಿಯ ಬದಲು ವ್ಯಾಕರಣ ಸರಿಯಿರುವ, ಆದರೆ ತಿರುಳಿಲ್ಲದ ಗದ್ಯ ಎದುರಾಯಿತು. ಅದನ್ನು ಯಂತ್ರ ಹಿಡಿಯುವುದು ಹೇಗೆ? ಹೊರಗಿನ ಜನರಿಗೆ ಪುಟಗಳನ್ನು ತೋರಿಸಿ, ಈ ತಾಣ ಹೇಳಿದ ಔಷಧವನ್ನು ನಿಮ್ಮ ಮಗುವಿಗೆ ಕೊಡುತ್ತೀರಾ ಎಂಬಂಥ ಪ್ರಶ್ನೆ ಕೇಳಿ, ಅವರ ಉತ್ತರಗಳಿಗೆ ಹೊಂದುವ ಲಕ್ಷಣಗಳನ್ನು ಯಂತ್ರಕ್ಕೆ ಕಲಿಸಿದರು. ಇದು ಗೌರವಿಸಬೇಕಾದ ಕೆಲಸ. ಆದರೂ ಮೊದಲ ಸುತ್ತಿನಲ್ಲಿ ಅಸೋಸಿಯೇಟೆಡ್ ಕಂಟೆಂಟ್, ಹಬ್‌ಪೇಜಸ್ ಮೊದಲಾದ ಇಂಥದೇ ತಾಣಗಳು ಬಿದ್ದರೂ ಈಹೌ ಬೀಳಲಿಲ್ಲ. ಅದಕ್ಕೆ ಪೆಟ್ಟು ಬಿದ್ದದ್ದು ಏಪ್ರಿಲ್ ಸುತ್ತಿನಲ್ಲಿ. ಒಂದೇ ಬಗೆಯ ಕಾರ್ಖಾನೆಗಳ ನಡುವೆ ಹೀಗೆ ಅಂತರವಾಯಿತೆಂದರೆ, ಯಂತ್ರ ನೋಡುತ್ತಿದ್ದದ್ದು ಗುಣದ ಕುರುಹುಗಳನ್ನು, ಗುಣವನ್ನಲ್ಲ.

ಓದುಗನಿಗೆ ಒಳ್ಳೆಯದಾಗಲಿಲ್ಲವೇ ಎಂದು ಕೇಳಬಹುದು. ಆಯಿತು, ಅದರಲ್ಲಿ ಅನುಮಾನವಿಲ್ಲ. ತಿದ್ದುಪಡಿಗಳೇ ಇಲ್ಲದಿದ್ದರೆ ಹುಡುಕಾಟದ ಮೊದಲ ಪುಟ ಆ ಕಾರ್ಖಾನೆಗಳ ಪಾಲಾಗುತ್ತಿತ್ತು. 2012ರ ‘ಪೆಂಗ್ವಿನ್’ ತಿದ್ದುಪಡಿ ಲಿಂಕ್ ವ್ಯಾಪಾರಕ್ಕೂ ಬಲವಾದ ಪೆಟ್ಟು ಕೊಟ್ಟಿತು. ಆದರೆ ಮುಂದೆ ಏನಾಯಿತು ಎಂಬುದೂ ಸಾಕ್ಷ್ಯವೇ. ಯಾಹೂ 2010ರಲ್ಲಿ ಕೊಂಡ ಅಸೋಸಿಯೇಟೆಡ್ ಕಂಟೆಂಟ್ ಹೆಸರು ಬದಲಿಸಿಕೊಂಡು 2014ರಲ್ಲಿ ಮುಚ್ಚಿತು. ಹವ್ಯಾಸಿಗಳ 15 ಡಾಲರ್ ಹೋಯಿತು, ಅದರ ಜಾಗದಲ್ಲಿ 150 ಡಾಲರ್ ಬರಲಿಲ್ಲ. 2011ರ ಮೇ ತಿಂಗಳಲ್ಲಿ, ಒಳ್ಳೆಯ ತಾಣ ಯಾವುದೆಂದು ತಾಣದ ಒಡೆಯರೇ ಕೇಳಿಕೊಳ್ಳಲೆಂದು ಸಿಂಘಲ್ 23 ಪ್ರಶ್ನೆಗಳನ್ನು ಪ್ರಕಟಿಸಿದರು. ಅವು ಆತ್ಮಪರೀಕ್ಷೆಗೆ ಬರೆದ ಪ್ರಶ್ನೆಗಳು. ಕಸುಬುದಾರರ ಕೈಯಲ್ಲಿ ಅವು ಭರ್ತಿ ಮಾಡಬೇಕಾದ ಪಟ್ಟಿಯಾದವು: ಲೇಖನ ಉದ್ದವಾಗಲಿ, ಉಪಶೀರ್ಷಿಕೆಗಳಿರಲಿ, ಲೇಖಕನ ಪರಿಚಯವಿರಲಿ. ಪದ ತುರುಕುವುದು ನಿಂತು ಲಕ್ಷಣ ತುರುಕುವುದು ಶುರುವಾಯಿತು.

ಇನ್ನೊಂದು ವಾದ ಇನ್ನೂ ಗಟ್ಟಿಯಾದದ್ದು: ಚೆನ್ನಾಗಿ ಬರೆಯುವವನಿಗೆ ಅಲ್ಗಾರಿದಮ್‌ನ ಭಯವೇಕೆ? ಇದಕ್ಕೆ ಮೆಟಾಫಿಲ್ಟರ್ ಉತ್ತರ. 1999ರಿಂದ ನಡೆಯುತ್ತಿದ್ದ, ಸಂಬಳದ ನಿರ್ವಾಹಕರು ಪ್ರತಿ ಪ್ರಶ್ನೋತ್ತರದ ಮೇಲೆ ಕಣ್ಣಿಟ್ಟಿದ್ದ ಆ ಸಮುದಾಯ ತಾಣಕ್ಕೆ 2012ರ ನವೆಂಬರಿನಲ್ಲಿ ಗೂಗಲ್‌ನಿಂದ ಬರುವ ಓದುಗರು ಒಮ್ಮೆಲೇ ಕಡಿಮೆಯಾದರು. ಜಾಹೀರಾತಿನ ಆದಾಯ ಬಿದ್ದು, 2014ರಲ್ಲಿ ಸಿಬ್ಬಂದಿಯನ್ನು ಕಳಿಸಬೇಕಾಯಿತು. ಅಷ್ಟು ಹೊತ್ತಿಗೂ ಅಲ್ಲಿನ ಬರಹದ ಗುಣ ಕುಂದಿರಲಿಲ್ಲ. ಕುಂದುವ ಸ್ಥಿತಿ ಬಂದದ್ದು ನೋಡಿಕೊಳ್ಳುವವರು ಕಡಿಮೆಯಾದ ಮೇಲೆ. ಅಂದರೆ ತಿದ್ದುಪಡಿ ಗುಣಮಟ್ಟವನ್ನು ಅಳೆಯುವುದಷ್ಟೇ ಅಲ್ಲ, ಅದನ್ನು ಕಾಪಾಡುವವರ ಅನ್ನಕ್ಕೂ ಕೈ ಹಾಕುತ್ತದೆ.

ಸರ್ಚ್ ಎಂಜಿನ್ ಪ್ರಕಾಶಕನಲ್ಲ, ಇರುವುದನ್ನು ಜೋಡಿಸಿ ಕೊಡುವುದಷ್ಟೇ ಅದರ ಕೆಲಸ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ, ಮತ್ತು ಕನ್ನಡದ ಅನುಭವ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳುತ್ತದೆ. 2011ರ ಆಗಸ್ಟ್‌ನಲ್ಲಿ ಪಾಂಡಾ ಚೀನೀ, ಜಪಾನೀ, ಕೊರಿಯನ್ ಬಿಟ್ಟು ಉಳಿದ ಭಾಷೆಗಳಿಗೂ ಬಂತು. ಆದರೆ ಒಂದು ವಿಷಯದ ಮೇಲೆ ಕನ್ನಡದಲ್ಲಿ ಒಳ್ಳೆಯ ಪುಟವೇ ಇಲ್ಲದಿದ್ದರೆ ಯಾವುದನ್ನು ಮೇಲಕ್ಕೆತ್ತುವುದು? ಗೂಗಲ್‌ಗೂ ಇದು ಗೊತ್ತಿತ್ತು. ಪಾಂಡಾಕ್ಕೂ ಮುಂಚೆ, 2009–10ರ ಸುಮಾರಿಗೆ, ಅದು ಭಾಷಾಂತರಕಾರರಿಗೆ ಹಣ ಕೊಟ್ಟು ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ತನ್ನ ಅನುವಾದ ಸಲಕರಣೆಯ ನೆರವಿನಿಂದ ಕನ್ನಡ, ತಮಿಳು, ತೆಲುಗು, ಬಂಗಾಳಿ ಮುಂತಾದ ಭಾಷೆಗಳಿಗೆ ತರಿಸಿತು. ಲೇಖನಗಳು ಉದ್ದುದ್ದ ಬಂದವು. ವಿಷಯದ ಆಯ್ಕೆ ಹೊರಗಿನದು, ವಾಕ್ಯಗಳು ಇಂಗ್ಲಿಷಿನ ಬೆನ್ನೆಲುಬಿನವು. ಬಂಗಾಳಿ ವಿಕಿಪೀಡಿಯದ ಸ್ವಯಂಸೇವಕರು ಅಂಥ ಲೇಖನಗಳಿಗೆ ಬಾಗಿಲು ಮುಚ್ಚಿದರು. ತಮಿಳಿನವರು ಕಂಪನಿಯೊಂದಿಗೆ ಮಾತುಕತೆಗೆ ಕೂತು, ಹೊಸದನ್ನು ಹಾಕುವ ಮೊದಲು ಹಾಕಿದ್ದನ್ನು ತಿದ್ದಿಕೊಡಿ ಎಂದು ಪಟ್ಟುಹಿಡಿದರು.