ಸಿಲೈಲೋ ಜಲಪಾತ

ಉತ್ತರ ಅಮೆರಿಕೆಯ ಪಶ್ಚಿಮದಲ್ಲಿ ಆರಿಗನ್, ವಾಷಿಂಗ್ಟನ್ ಸಂಸ್ಥಾನಗಳ ಎಲ್ಲೆಯಾಗಿ ಹರಿಯುವ ಕೊಲಂಬಿಯಾ ನದಿಯು, ಡ್ಯಾಲ್ಸ್ ಪಟ್ಟಣಕ್ಕೆ ಸ್ವಲ್ಪ ಮೇಲ್ಗಡೆ, ಕರಿಯ ಬಂಡೆಗಳ ನಡುವಣ ಇಕ್ಕಟ್ಟಿನಲ್ಲಿ ನುಗ್ಗಿ ಧುಮುಕುತ್ತಿದ್ದಿತು. ಆ ಸ್ಥಳಕ್ಕೆ ಸಿಲೈಲೋ ಎಂದು ಹೆಸರು. ಮೂಲನಿವಾಸಿಗಳು ಅದನ್ನು ವಯಾಮ್ ಎನ್ನುತ್ತಿದ್ದರು. ಸಹಸ್ರಾರು ವರ್ಷಗಳಿಂದ ಜನರು ಅಲ್ಲಿ ನೆಲಸಿದ್ದುದು ಬೇಸಾಯಕ್ಕಾಗಿ ಅಲ್ಲ, ಮೀನಿಗಾಗಿ.

ಸಾಲ್ಮನ್ ಮೀನು ಹೊಳೆಯ ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ತನ್ನ ಹುಟ್ಟುತೊರೆಗೇ ಮರಳುವುದು. ಮೊಟ್ಟೆಯಿಟ್ಟ ಬಳಿಕ ಅದಕ್ಕೆ ಮರಣವೇ ಗತಿ. ಅದರ ದಾಯಾದಿಯಾದ ಸ್ಟೀಲ್‌ಹೆಡ್ ಮಾತ್ರ ಕೆಲವು ವೇಳೆ ಬದುಕಿ ಕಡಲಿಗೆ ಹಿಂದಿರುಗುವುದುಂಟು. ವಸಂತದಿಂದ ಶರತ್ಕಾಲದವರೆಗೆ ತಂಡ ತಂಡವಾಗಿ ಬರುವ ಈ ಮೀನುಗಳು ಸಿಲೈಲೋದಲ್ಲಿ ಪ್ರವಾಹಕ್ಕೆ ಎದುರಾಗಿ ನೆಗೆಯಬೇಕಾಗಿದ್ದಿತು. ಬಂಡೆಗಳಿಂದ ನೊರೆಯ ಮೇಲಕ್ಕೆ ಚಾಚಿದ ಮರದ ಅಟ್ಟಣೆಗಳಲ್ಲಿ ನಿಂತು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉದ್ದನೆಯ ಕೋಲಿನ ಬಲೆಗಳಿಂದ ಜನರು ಅವನ್ನು ಎತ್ತುತ್ತಿದ್ದರು. ಒಂದೊಂದು ಅಟ್ಟಣೆಯ ಸ್ಥಳವೂ ಒಂದೊಂದು ಮನೆತನಕ್ಕೆ ಪಿತ್ರಾರ್ಜಿತ. ಮೊದಲ ಮೀನಿಗೆ ವಂದಿಸಿ ಎಲ್ಲರೂ ಕೂಡಿ ಉಣ್ಣದೆ ಬೇಟೆ ಆರಂಭವಾಗುತ್ತಿರಲಿಲ್ಲ. 1805ರ ಅಕ್ಟೋಬರಿನಲ್ಲಿ ಈ ದಾರಿಯಾಗಿ ಬಂದ ಲೂಯಿಸ್ ಮತ್ತು ಕ್ಲಾರ್ಕರು ಒಣಗಿಸಿ ಕುಟ್ಟಿದ ಮೀನಿನ ಬುಟ್ಟಿಗಳ ರಾಶಿಗಳನ್ನು ಕಂಡರು. ಅದು ಕೇವಲ ಆಹಾರವಲ್ಲ, ದೂರದೂರದ ಜನರೊಡನೆ ನಡೆಯುತ್ತಿದ್ದ ವ್ಯಾಪಾರದ ಸರಕು.

1855ರಲ್ಲಿ ಯಾಕಮಾ, ಯುಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಜನಗಳು ಅಮೆರಿಕೆಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಅಪಾರ ಭೂಮಿಯನ್ನು ಬಿಟ್ಟುಕೊಟ್ಟರು. ಆದರೆ ರೂಢಿಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಬಿಡಲಿಲ್ಲ. ನೆಲ ಹೋದರೂ ಹೊಳೆಯನ್ನು ಉಳಿಸಿಕೊಂಡ ಆ ಒಂದು ವಾಕ್ಯದ ಬೆಲೆ ಮುಂದೆ ತಿಳಿಯಿತು. 1866ರಲ್ಲಿ ಕೊಲಂಬಿಯಾ ತೀರದಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಹುಟ್ಟಿತು. ಅನಂತರ ಪ್ರವಾಹದ ಬಲದಿಂದಲೇ ತಿರುಗಿ ಹಗಲಿರುಳು ಮೀನನ್ನು ಬಾಚುವ ಚಕ್ರಗಳೂ ಬಂದವು. ವೈನನ್ಸ್ ಎಂಬ ಸಹೋದರರು ತೀರದ ನೆಲವನ್ನು ಕೊಂಡು, ಯಾಕಮಾ ಜನರನ್ನು ಹತ್ತಿರ ಬಾರದಂತೆ ತಡೆದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಈ ಹಕ್ಕು ಸರ್ಕಾರ ಕೊಟ್ಟ ದಾನವಲ್ಲ, ಆ ಜನರೇ ತಮಗಾಗಿ ಇರಿಸಿಕೊಂಡದ್ದೆಂದು 1905ರಲ್ಲಿ ತೀರ್ಪಾಯಿತು.

ತೀರ್ಪು ಬೇಲಿಯನ್ನು ಕೆಡವಬಲ್ಲದು, ಅಣೆಕಟ್ಟನ್ನು ತಡೆಯಲಿಲ್ಲ. ವಿದ್ಯುಚ್ಛಕ್ತಿಗಾಗಿಯೂ ನೌಕಾಸಂಚಾರಕ್ಕಾಗಿಯೂ ಡ್ಯಾಲ್ಸ್ ಬಳಿ ಕಟ್ಟೆ ಎದ್ದಿತು. ವಯಾಮರ ಮುಖಂಡನಾದ ವೃದ್ಧ ಟಾಮಿ ಥಾಂಪ್ಸನ್ನನು ಅದನ್ನು ವಿರೋಧಿಸಿದುದು ವ್ಯರ್ಥವಾಯಿತು. ಆ ಜನಗಳಿಗೆ ಸುಮಾರು 2 ಕೋಟಿ 70 ಲಕ್ಷ ಡಾಲರು ಪರಿಹಾರ ದೊರೆಯಿತು. ಮೊಮ್ಮಕ್ಕಳಿಗೆ ಬಿಟ್ಟುಹೋಗಬೇಕಾಗಿದ್ದ ಅಟ್ಟಣೆಗೆ ಇಷ್ಟೆಂದು ಬೆಲೆ ಕಟ್ಟುವ ಲೆಕ್ಕವು ವಿಚಿತ್ರವೇ ಸರಿ. 1957ರ ಮಾರ್ಚಿ 10ರಂದು ಕಟ್ಟೆಯ ಬಾಗಿಲುಗಳು ಮುಚ್ಚಿದವು. ಕೆಲವೇ ಗಂಟೆಗಳಲ್ಲಿ ನೀರು ಏರಿ, ಜಲಪಾತದ ಭೋರ್ಗರೆತ ಅಡಗಿತು. ಥಾಂಪ್ಸನ್ನನು 1959ರಲ್ಲಿ ತೀರಿಕೊಂಡನು.

ಒಪ್ಪಂದದ ವಾಕ್ಯ ಮಾತ್ರ ಮುಳುಗಲಿಲ್ಲ. ಅದರ ಆಧಾರದಿಂದಲೇ 1969ರಲ್ಲಿ ಕೊಲಂಬಿಯಾ ಮೀನಿನಲ್ಲಿ ಮೂಲನಿವಾಸಿಗಳಿಗೆ ನ್ಯಾಯವಾದ ಪಾಲು ಸಲ್ಲಬೇಕೆಂದು ನ್ಯಾಯಾಲಯ ಹೇಳಿತು. ತೀರದ ಸಿಲೈಲೋ ಗ್ರಾಮದಲ್ಲಿ ವಸಂತದ ಮೊದಲ ಮೀನಿನ ಊಟ ಇಂದಿಗೂ ನಡೆಯುತ್ತದೆ. ಧ್ವನಿತರಂಗಗಳಿಂದ ಜಲಾಶಯದ ತಳವನ್ನು ಅಳೆದಾಗ, ಆ ಬಂಡೆಗಳು ಹಾಗೆಯೇ ನಿಂತಿರುವುದು ಕಂಡುಬಂದಿತು.