ತುಕ್ಕು ತಡೆಯಲು ನೀರು!

ಒದ್ದೆ ಕುಡುಗೋಲು ಹಾಗೇ ಇಟ್ಟರೆ ತುಕ್ಕು ಹಿಡಿಯುತ್ತದೆ ಎಂದು ಬೈಸಿಕೊಂಡೇ ಬೆಳೆದವರು ನಾವು. ಆದರೆ ಮಹಾಯುದ್ಧಗಳ ಕಾಲದ ಅಮೆರಿಕನ್ ಸೈನಿಕರು ಪಿಸ್ತೂಲಿನ ನಳಿಗೆಯನ್ನು ನೀರಿನಿಂದಲೇ ತೊಳೆಯುತ್ತಿದ್ದರು!

ಜಾನ್ ಬ್ರೌನಿಂಗ್ ರೂಪಿಸಿದ ಎಂ1911 ಪಿಸ್ತೂಲನ್ನು ಅಲ್ಲಿನ ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಅದರ ಮುಖ್ಯ ಭಾಗಗಳನ್ನು ಬರಿಗೈಯಲ್ಲೇ ಬಿಚ್ಚಬಹುದಿತ್ತು. ಕಂದಕದ ಕೆಸರಲ್ಲಿ ನಿಂತವನಿಗೆ ಸ್ಪ್ಯಾನರ್ ಎಲ್ಲಿಂದ ಸಿಗಬೇಕು?

ಆಗಿನ ಗುಂಡುಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿದು, ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತಿತ್ತು. ಈ ಉಪ್ಪು ಎಣ್ಣೆಯಲ್ಲಿ ಕರಗದು, ನೀರಲ್ಲಿ ಕರಗುತ್ತದೆ. ಹಾಗಾಗಿ ಮೊದಲು ನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಸೋಮಾರಿಯ ಪಿಸ್ತೂಲು ಜೀವ ಉಳಿಸಬೇಕಾದ ಹೊತ್ತಿಗೇ ಕೈಕೊಡಬಹುದಿತ್ತು.

ಯುದ್ಧದ ಚರಿತ್ರೆಯಲ್ಲಿ ನಾವು ಸೇನಾಪತಿಗಳ ಹೆಸರು ಓದುತ್ತೇವೆ. ಚಿಂದಿಬಟ್ಟೆ, ಎಣ್ಣೆಡಬ್ಬಿಗಳನ್ನು ಮರೆಯುತ್ತೇವೆ.